ಹೊರ ರಾಜ್ಯದ ಸರ್ಕಾರಿ ಯೂನಿವರ್ಸಿಟಿ: ಮಗಳನ್ನು ಕಳಿಸುವ ಮೊದಲು ನಾವು ಹಾಕಿದ ಲೆಕ್ಕ

ಮಗಳಿಗೆ ಸೀಟು ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆ. ಮಾರನೇ ದಿನ ರಾತ್ರಿ ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂರೂ ಜನ ಕೂತೆವು. ನಾವಿರುವುದು ನ್ಯೂಜೆರ್ಸಿಯಲ್ಲಿ. ಸೀಟು ಸಿಕ್ಕಿದ್ದು ಮಿಡ್‌ವೆಸ್ಟ್ (ಅಮೆರಿಕದ ಉತ್ತರ-ಮಧ್ಯ ಭಾಗ) ಕಡೆಯ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ, ಎಂಜಿನಿಯರಿಂಗಿಗೆ. ಫೀಸು, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 56,000 ಡಾಲರ್ ಅಂತ ಆಫರ್ ಲೆಟರಿನಲ್ಲಿತ್ತು. ಅದರ ಕೆಳಗೆ ವರ್ಷಕ್ಕೆ 12,000 ಸ್ಕಾಲರ್‌ಶಿಪ್.

"ಹಾಗಾದ್ರೆ 44 ಸಾವಿರ. ನಾಲ್ಕು ವರ್ಷಕ್ಕೆ 1,76,000. ಕಷ್ಟ, ಆದ್ರೆ ಆಗುತ್ತೆ" ಅಂದರು ನಮ್ಮ ಯಜಮಾನರು.

ಆ ಲೆಕ್ಕ ಸರಿಯಿರಲಿಲ್ಲ. ಎಷ್ಟು ಕಡಿಮೆ ಬಿದ್ದಿತ್ತು ಅಂತ ತಿಳಿಯೋಕೆ ನನಗೆ ಮೂರು ವಾರ ಹಿಡಿಯಿತು.

ಊರಿನಲ್ಲಿರುವವರಿಗೆ ಒಂದು ಮಾತು. ನಮ್ಮಲ್ಲಿ ಒಂದೇ ಕಾಲೇಜಿನಲ್ಲಿ ಸಿಇಟಿ ಸೀಟಿಗೆ ಒಂದು ಫೀಸು, ಮ್ಯಾನೇಜ್‌ಮೆಂಟ್ ಸೀಟಿಗೆ ಇನ್ನೊಂದು ಇರುತ್ತಲ್ವಾ? ಅಮೆರಿಕದಲ್ಲಿ ಆ ವ್ಯತ್ಯಾಸ ರಾಜ್ಯದ ಮೇಲೆ. ಆ ರಾಜ್ಯಕ್ಕೆ ತೆರಿಗೆ ಕಟ್ಟುವವರ ಮಕ್ಕಳಿಗೆ ಕಡಿಮೆ, ಹೊರಗಿನವರಿಗೆ ಎರಡು ಮೂರು ಪಟ್ಟು. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು 2024-25ರಲ್ಲಿ ಹೊಸದಾಗಿ ಸೇರಿದ ಹೊರಗಿನವರಿಂದ ಮಾಮೂಲಿ ಫೀಸಿನ ಮೇಲೆ 34,200 ಡಾಲರ್ ಹೆಚ್ಚು ತೆಗೆದುಕೊಂಡವು.

ಒಂದು ವರ್ಷ ಅಲ್ಲಿದ್ದರೆ ಆ ರಾಜ್ಯದವಳೇ ಆಗುತ್ತಾಳೆ, ಆಮೇಲೆ ಫೀಸು ಇಳಿಯುತ್ತೆ ಅಂತ ನಮಗೆ ಹೇಳಿದವರು ಒಬ್ಬಿಬ್ಬರಲ್ಲ. ದಯವಿಟ್ಟು ಅದನ್ನು ನಂಬಿ ಲೆಕ್ಕ ಹಾಕಬೇಡಿ. ಅಪ್ಪ ಅಮ್ಮನ ದುಡಿಮೆಯಲ್ಲಿರುವ ಮಕ್ಕಳಿಗೆ ಅಪ್ಪ ಅಮ್ಮ ಇರುವ ರಾಜ್ಯವೇ ಅವರ ರಾಜ್ಯ. ಓದಲೆಂದೇ ಬಂದು ಉಳಿದ ವರ್ಷ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕಪಕ್ಕದ ರಾಜ್ಯಗಳು ಸೇರಿ ಮಾಡಿಕೊಂಡ ರಿಯಾಯಿತಿ ಒಪ್ಪಂದಗಳಿವೆ. ಪಶ್ಚಿಮದ ರಾಜ್ಯಗಳದ್ದರಲ್ಲಿ ಸೇರಿರುವ ಕಾಲೇಜುಗಳಲ್ಲಿ, ಒಪ್ಪಂದದ ಬೇರೆ ರಾಜ್ಯಗಳಿಂದ ಆ ರಿಯಾಯಿತಿಯಲ್ಲಿ ಸೇರಿದವರು ಒಳಗಿನವರ ಫೀಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಕೊಡಬೇಕಿಲ್ಲ. ಮಿಡ್‌ವೆಸ್ಟ್, ದಕ್ಷಿಣ, ನ್ಯೂ ಇಂಗ್ಲೆಂಡ್ (ಈಶಾನ್ಯದ ರಾಜ್ಯಗಳು) ಕಡೆಗೂ ಇಂಥವಿವೆ. ನ್ಯೂಜೆರ್ಸಿ ಇವ್ಯಾವುದರಲ್ಲೂ ಇಲ್ಲ. ನೀವು ಬೇರೆ ರಾಜ್ಯದಲ್ಲಿದ್ದರೆ ಮೊದಲು ಇದನ್ನೇ ನೋಡಿ.

ಇನ್ನು ನಮ್ಮ ಶೀಟು. ಎಕ್ಸೆಲ್‌ನಲ್ಲಿ ನಾಲ್ಕು ವರ್ಷಕ್ಕೆ ನಾಲ್ಕು ಕಾಲಂ ಹಾಕಿದೆ. ಮೇಲಿನ ಅರ್ಧದಲ್ಲಿ ಯೂನಿವರ್ಸಿಟಿ ಬಿಲ್ಲಿನಲ್ಲಿ ಬರುವುದು, ಕೆಳಗಿನ ಅರ್ಧದಲ್ಲಿ ನಮ್ಮ ಕೈಯಿಂದ ನೇರವಾಗಿ ಹೋಗುವುದು. ಮೇಲಿನದಕ್ಕೆ ವರ್ಷಕ್ಕೆ ಶೇ. 4 ಏರಿಕೆ ಹಾಕಿದೆ. ಆಗ ಮೊದಲ ಪೆಟ್ಟು ಕಾಣಿಸಿತು. ಫೀಸು ಏರುತ್ತೆ, ಸ್ಕಾಲರ್‌ಶಿಪ್ ಏರಲ್ಲ. ಅದು ನಾಲ್ಕೂ ವರ್ಷ ಅದೇ 12,000. ಅಂದರೆ ಏರಿಕೆ ಪೂರ್ತಿ ನಮ್ಮ ತಲೆಗೆ. ಮೊದಲ ವರ್ಷ ನಾವು ಕೊಡಬೇಕಿದ್ದ 44,000, ನಾಲ್ಕನೇ ವರ್ಷಕ್ಕೆ 51,000ದ ಹತ್ತಿರ ಬಂತು. ಒಟ್ಟು 1,76,000 ಅಲ್ಲ, 1,90,000.

ಎಲ್ಲ ಕಡೆಯೂ ಹೀಗೇ ಏರುವುದಿಲ್ಲ, ಹಾಗಾಗಿ ಆಯಾ ಯೂನಿವರ್ಸಿಟಿಯ ನಿಯಮ ಓದಬೇಕು. ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿ 2013ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೂಲ ಫೀಸನ್ನು ಏರಿಸಿಲ್ಲ. ಯುಸಿಯಲ್ಲಿ 2022ರಿಂದ ಸೇರಿದವರಿಗೆ, ಸೇರಿದ ವರ್ಷದ ದರವೇ ಆರು ವರ್ಷದವರೆಗೆ ನಡೆಯುತ್ತೆ. ಮಿಶಿಗನ್ ಯೂನಿವರ್ಸಿಟಿಯಲ್ಲಿ ಇದಕ್ಕೆ ಉಲ್ಟಾ, ಮೊದಲ ಎರಡು ವರ್ಷಕ್ಕೊಂದು ದರ, ಮುಂದಿನ ವರ್ಷಗಳಿಗೆ ಅದಕ್ಕಿಂತ ಜಾಸ್ತಿ. ಎಂಜಿನಿಯರಿಂಗ್, ಬಿಸಿನೆಸ್ ಓದುವವರಿಗೆ ಹೆಚ್ಚುವರಿ ಫೀಸು ಹಾಕುವ ಕಡೆಗಳೂ ಬಹಳ. ಅದು ಯೂನಿವರ್ಸಿಟಿಯ ಮೊದಲ ಪುಟದಲ್ಲಿ ಇರುವುದಿಲ್ಲ, ಫೀಸಿನ ಪಟ್ಟಿಯನ್ನು ಕೊನೆಯವರೆಗೆ ನೋಡಬೇಕು.

ಸ್ಕಾಲರ್‌ಶಿಪ್ಪಿನ ಷರತ್ತನ್ನು ನಾನು ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿದೆ. ಎಂಟು ಸೆಮಿಸ್ಟರಿಗೆ ಮಾತ್ರ. ಸರಾಸರಿ ಗ್ರೇಡ್ (4ಕ್ಕೆ) 3.0ಕ್ಕಿಂತ ಇಳಿದರೆ ನಿಲ್ಲುತ್ತೆ. ಎಂಜಿನಿಯರಿಂಗಿನ ಮೊದಲ ವರ್ಷ ಒಳ್ಳೆಯ ಮಕ್ಕಳೂ ತಡವರಿಸುತ್ತಾರೆ. ಅದಕ್ಕೆ ಇನ್ನೊಂದು ಶೀಟು ಮಾಡಿದೆ. ಮೂರನೇ ವರ್ಷದಿಂದ ಸ್ಕಾಲರ್‌ಶಿಪ್ ಇಲ್ಲದಿದ್ದರೆ ಏನು, ಒಂಬತ್ತನೇ ಸೆಮಿಸ್ಟರ್ ಬೇಕಾದರೆ ಏನು ಅಂತ. ನಾಲ್ಕೇ ವರ್ಷದಲ್ಲಿ ಮುಗಿಸುವವರು ಎಷ್ಟು ಜನ, ಆರು ವರ್ಷದೊಳಗೆ ಮುಗಿಸುವವರು ಎಷ್ಟು ಜನ ಅನ್ನುವುದು ಸರ್ಕಾರದ 'ಕಾಲೇಜ್ ನ್ಯಾವಿಗೇಟರ್' ವೆಬ್‌ಸೈಟಿನಲ್ಲಿ ಪ್ರತಿ ಕಾಲೇಜಿಗೂ ಸಿಗುತ್ತೆ. ಆ ಶೀಟು ನೋಡಿದ ಮಗಳು ತನ್ನ ಹೈಸ್ಕೂಲಿನ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆಯ ಅಂಕಗಳಿಗೆ ಎಷ್ಟು ಕ್ರೆಡಿಟ್ ಕೊಡುತ್ತಾರೆ ಅಂತ ತಾನೇ ಹುಡುಕಿದಳು. 16 ಸಿಕ್ಕಿತು, ಹೆಚ್ಚುಕಡಿಮೆ ಒಂದು ಸೆಮಿಸ್ಟರಿನಷ್ಟು. ಅದನ್ನು ನಾನು ಹಣವಾಗಿ ಬರೆದುಕೊಳ್ಳಲಿಲ್ಲ. ಒಂದು ಸಬ್ಜೆಕ್ಟ್ ಹೋದರೂ ತಡೆದುಕೊಳ್ಳೋಕೆ ಇರಲಿ ಅಂತ ಬಿಟ್ಟೆ.

ಶೀಟಿನ ಕೆಳಗಿನ ಅರ್ಧಕ್ಕೆ ನಾನು ಹೆಚ್ಚು ಸಮಯ ಕೊಟ್ಟೆ. ಯೂನಿವರ್ಸಿಟಿ ತನ್ನ ಅಂದಾಜಿನಲ್ಲಿ ಪ್ರಯಾಣಕ್ಕೆ ವರ್ಷಕ್ಕೆ 600 ಡಾಲರ್ ಅಂತ ಹಾಕಿತ್ತು. ಅದು ಕಾರಿನಲ್ಲಿ ಮೂರು ಗಂಟೆ ದೂರದಿಂದ ಬರುವ ಮಕ್ಕಳಿಗೆ ಸರಿ. ನಮ್ಮವಳು ಆಗಸ್ಟಿಗೆ ಹೋಗಬೇಕು, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಬರಬೇಕು, ಡಿಸೆಂಬರಿಗೆ ಬರಬೇಕು, ಮಾರ್ಚಿಗೆ ಬರಬೇಕು, ಮೇನಲ್ಲಿ ಸಾಮಾನು ಸಮೇತ ಬರಬೇಕು. ವಿಮಾನ ಇಳಿದ ಮೇಲೂ ಕ್ಯಾಂಪಸ್ಸಿಗೆ ಒಂದೂವರೆ ಗಂಟೆ ಬಸ್ಸು. ನಾನು ಪ್ರತಿ ರಜೆಯ ನಿಜವಾದ ದಿನಾಂಕ ಹಾಕಿ ಟಿಕೆಟ್ ದರ ನೋಡಿದೆ. 2,300 ಬಂತು. ಬಿಟ್ಟುಬರಲು ನಾವಿಬ್ಬರೂ ಹೋಗುವ ಟಿಕೆಟ್, ಹೋಟೆಲ್, ಅಲ್ಲೇ ಕೊಳ್ಳುವ ಹಾಸಿಗೆ ಹೊದಿಕೆ, ಟೇಬಲ್ ಫ್ಯಾನ್ ಎಲ್ಲ ಸೇರಿ 1,400. ಪುಸ್ತಕಕ್ಕೆ 500, ಕೈಖರ್ಚಿಗೆ 2,000. ಒಟ್ಟು ಮೊದಲ ವರ್ಷ 50,200. ವಿಮಾನದ ಟಿಕೆಟ್ಟಿಗೆ 529 ಖಾತೆಯ (ಓದಿಗೆಂದು ತೆರಿಗೆ ರಿಯಾಯಿತಿಯಲ್ಲಿ ಕೂಡಿಡುವ ಉಳಿತಾಯ ಖಾತೆ) ಹಣ ಬಳಸುವಂತಿಲ್ಲ, ಬಳಸಿದರೆ ಅದರ ಲಾಭದ ಭಾಗಕ್ಕೆ ತೆರಿಗೆಯ ಜೊತೆ ಶೇ. 10 ದಂಡ. ಹಾಗಾಗಿ ಈ ಭಾಗ ತಿಂಗಳ ಸಂಬಳದಿಂದಲೇ ಹೋಗಬೇಕು.

ಎರಡನೇ ವರ್ಷದ ಮನೆ ಬಾಡಿಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅಲ್ಲಿ ಹೆಚ್ಚಿನ ಮಕ್ಕಳು ಮೊದಲ ವರ್ಷ ಮುಗಿದ ಮೇಲೆ ಹಾಸ್ಟೆಲ್ ಬಿಡುತ್ತಾರೆ. ಲೀಸಿಗೆ ಸಹಿ ಹಾಕಬೇಕಿರುವುದು ಹಿಂದಿನ ಅಕ್ಟೋಬರ್ ನವೆಂಬರಿನಲ್ಲೇ. ಆ ಹೊತ್ತಿಗೆ ಮಕ್ಕಳು ಕ್ಯಾಂಪಸ್ಸಿಗೆ ಬಂದು ಎರಡು ಮೂರು ತಿಂಗಳಷ್ಟೇ ಆಗಿರುತ್ತೆ. ಓದು ಒಂಬತ್ತು ತಿಂಗಳು, ಲೀಸು ಹನ್ನೆರಡು. ತಿಂಗಳಿಗೆ 850ರಂತೆ ಮೂರು ತಿಂಗಳ 2,550 ಡಾಲರ್ ಖಾಲಿ ಕೋಣೆಗೆ. ಬೇಸಿಗೆಗೆ ಬೇರೆಯವರಿಗೆ ಕೊಡಬಹುದು, ಆದರೆ ಎಲ್ಲರೂ ಆಗಲೇ ಕೊಡಲು ನೋಡುವುದರಿಂದ ಅರ್ಧ ಬಾಡಿಗೆ ಬಂದರೂ ಹೆಚ್ಚು.

ಜುಲೈನಲ್ಲಿ ಮೊದಲ ಬಿಲ್ಲು ಬಂತು. ಒಂದೊಂದೇ ಸಾಲು ಓದುತ್ತಾ ಹೋದೆ. ಟ್ಯೂಷನ್ (ಇಲ್ಲಿ ಮನೆಪಾಠ ಅಲ್ಲ, ಬೋಧನಾ ಶುಲ್ಕ), ಹಾಸ್ಟೆಲ್, ಮೀಲ್ ಪ್ಲಾನ್, ತಂತ್ರಜ್ಞಾನ ಶುಲ್ಕ. ಏಳನೇ ಸಾಲಿನಲ್ಲಿ ಆರೋಗ್ಯ ವಿಮೆ, 2,900. ನಾವು ಕೇಳಿರಲಿಲ್ಲ, ತಾನಾಗಿ ಸೇರಿತ್ತು. ಮನೆಯ ವಿಮೆ ಇದೆ ಅಂತ ಗಡುವಿನ ಒಳಗೆ ಅರ್ಜಿ ಹಾಕಿದರೆ ತೆಗೆಯುತ್ತಾರೆ. ಆದರೆ ಆ ವಿಮೆ ಅಲ್ಲಿನ ಡಾಕ್ಟರ ಹತ್ತಿರ ನಡೆಯಬೇಕು. ನಮ್ಮದು ನ್ಯೂಜೆರ್ಸಿ ಸುತ್ತಮುತ್ತ ಮಾತ್ರ ನಡೆಯುತ್ತೆ ಅಂತ ಹಿಂದಿನ ನವೆಂಬರಿನಲ್ಲೇ ತಿಳಿದು, ಯಜಮಾನರ ಆಫೀಸಿನಲ್ಲಿ ಪ್ಲಾನ್ ಬದಲಿಸಿದ್ದೆವು. ಇಲ್ಲದಿದ್ದರೆ ಆ 2,900 ಕಟ್ಟಲೇಬೇಕಿತ್ತು.

ಸಾಲದ ವಿಷಯ. ಕೆಲವು ಲೆಟರುಗಳಲ್ಲಿ ಸ್ಕಾಲರ್‌ಶಿಪ್ ಮತ್ತು ಸಾಲ ಎರಡನ್ನೂ 'ನೆರವು' ಅಂತ ಒಂದೇ ಪಟ್ಟಿಯಲ್ಲಿ ಕೂಡಿಸಿ, ಕೆಳಗೆ ಸಣ್ಣ ಮೊತ್ತ ತೋರಿಸುತ್ತಾರೆ. ನಾನು ಸಾಲದ ಸಾಲುಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಕೂಡಿದೆ. ಫಾಫ್ಸಾ (ಸರ್ಕಾರಿ ನೆರವಿಗೆ ಹಾಕುವ ಅರ್ಜಿ) ತುಂಬಿದರೆ ಮಕ್ಕಳ ಹೆಸರಿಗೆ ಸಿಗುವ ಸರ್ಕಾರಿ ಸಾಲ ಮೊದಲ ವರ್ಷ 5,500, ನಾಲ್ಕು ವರ್ಷಕ್ಕೆ 27,000. ಅಷ್ಟೇ. ಉಳಿದದ್ದು ಅಪ್ಪ ಅಮ್ಮನ ಹೆಸರಿಗೆ. ಅಪ್ಪ ಅಮ್ಮನಿಗೆ ಸಿಗುವ ಸರ್ಕಾರಿ ಸಾಲಕ್ಕೂ 2026ರ ಜುಲೈ 1ರಿಂದ ಹೊಸದಾಗಿ ತೆಗೆದುಕೊಳ್ಳುವವರಿಗೆ ವರ್ಷಕ್ಕೆ 20,000, ಒಂದು ಮಗುವಿಗೆ ಒಟ್ಟು 65,000ದ ಮಿತಿ ಬಂದಿದೆ. ಎಚ್-4 ವೀಸಾದಲ್ಲಿರುವ (ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾದ ಮೇಲೆ ಬಂದ) ಮಕ್ಕಳಿಗೆ ಸರ್ಕಾರಿ ಸಾಲ ಸಿಗುವುದೇ ಇಲ್ಲ. ನಮ್ಮ ಕನ್ನಡದ ಮನೆಗಳಲ್ಲಿ ಎಷ್ಟೋ ಮಂದಿಗೆ ಈ ವಿಷಯ ಸೀಟು ಸಿಕ್ಕ ಮೇಲೆ ಗೊತ್ತಾಗುತ್ತೆ, ಅದು ನನಗೆ ತುಂಬಾ ಬೇಜಾರಿನ ಸಂಗತಿ.

ಇದೇ ಶೀಟಿನಲ್ಲಿ ನಮ್ಮ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ರಟ್ಗರ್ಸನ್ನೂ ಹಾಕಿ ನೋಡಿದೆವು. ನಾಲ್ಕು ವರ್ಷಕ್ಕೆ ಸುಮಾರು 58,000 ಡಾಲರ್ ವ್ಯತ್ಯಾಸ. ಆ ಮೊತ್ತವನ್ನು ಮಗಳ ಮುಂದಿಟ್ಟು, ಇದರಲ್ಲಿ 27,000 ನಿನ್ನ ಹೆಸರಿನ ಸಾಲ ಆಗುತ್ತೆ, ಓದು ಮುಗಿದ ಮೇಲೆ ನೀನೇ ತೀರಿಸಬೇಕು, ನೋಡು ಅಂದೆವು. ಎರಡು ದಿನ ಅವಳು ಏನೂ ಹೇಳಲಿಲ್ಲ. ಮೂರನೇ ದಿನ, "ಅಮ್ಮ, ಅಲ್ಲಿನ ಕೋ-ಆಪ್‌ನಲ್ಲಿ, ಅಂದ್ರೆ ಓದಿನ ಮಧ್ಯೆ ಕಂಪನಿಯಲ್ಲಿ ಮಾಡೋ ಕೆಲಸಕ್ಕೆ, ಸಂಬಳ ಕೊಡ್ತಾರೆ. ಅದನ್ನೂ ಶೀಟಿಗೆ ಹಾಕೋಣ, ಆದ್ರೆ ಅರ್ಧ ಮಾತ್ರ ಹಾಕು" ಅಂದಳು. ಅರ್ಧ ಹಾಕಿದೆ. ಅಲ್ಲಿಗೇ ಕಳಿಸಿದೆವು.

ಮೊದಲ ವರ್ಷ ಮುಗಿದಾಗ ರಸೀದಿಗಳನ್ನೆಲ್ಲ ಕೂಡಿದೆ. ಅಂದಾಜು 50,200, ಆಗಿದ್ದು 51,050. ಜಾಸ್ತಿ ಹೋದ 850ರಲ್ಲಿ 400 ಥ್ಯಾಂಕ್ಸ್‌ಗಿವಿಂಗ್ ಟಿಕೆಟ್ಟಿಗೆ. ಪರೀಕ್ಷೆಯ ದಿನ ನೋಡಿಕೊಂಡು ತೆಗೆಯೋಣ ಅಂತ ನವೆಂಬರಿನವರೆಗೆ ಕಾದಿದ್ದೆ. ಈ ಸಲ ಆಗಸ್ಟಿನಲ್ಲೇ ತೆಗೆದಿದ್ದೇನೆ.