ಜ್ವರದ ದಿನ ಎಣಿಸಿ: ಮುಂಬೈ ಮಳೆಗಾಲದಲ್ಲಿ ಡೆಂಗಿ ಪರೀಕ್ಷೆ, ಆರೈಕೆ

ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆಯುವುದು ನನ್ನ ಕೆಲಸ. ನಾನು ಕುಂದಾಪುರದ ಕಡೆಯವಳು, ಮದುವೆಯಾಗಿ ಡೊಂಬಿವಲಿಗೆ ಬಂದವಳು. ಹತ್ತೊಂಬತ್ತು ವರ್ಷವಾಯಿತು, ಬೆಳಿಗ್ಗೆ ಮೊದಲ ಲೋಕಲ್ ಹಿಡಿದು ಮಾಟುಂಗ, ವಡಾಲ, ಸಯನ್ ಸುತ್ತುತ್ತೇನೆ. ಜುಲೈಯಿಂದ ಅಕ್ಟೋಬರ್‌ವರೆಗೆ ನನ್ನ ಚೀಲದಲ್ಲಿ ಜ್ವರದ ಟ್ಯೂಬುಗಳೇ ಜಾಸ್ತಿ. ಅದರಲ್ಲೂ ನಮ್ಮೂರ ಹುಡುಗರು ಕೆಲಸ ಮಾಡುವ ಹೋಟೆಲ್‌ಗಳಿಂದ ತುಂಬಾ ಕರೆ ಬರುತ್ತದೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಎಂಟು ಹತ್ತು ಜನ ಮಲಗುತ್ತಾರೆ. ಒಬ್ಬನಿಗೆ ಡೆಂಗಿ ಬಂದರೆ ವಾರ ಎರಡು ವಾರದಲ್ಲಿ ಇನ್ನಿಬ್ಬರಿಗೆ ಬಂದಿರುತ್ತದೆ.

ಬಾಗಿಲಲ್ಲೇ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. "ತಮ್ಮಾ, ಜ್ವರ ಯಾವತ್ತು ಶುರುವಾಯಿತು?" ಹೆಚ್ಚಿನವರು "ಎರಡು ಮೂರು ದಿನ ಆಯ್ತಕ್ಕ" ಅನ್ನುತ್ತಾರೆ. ಎರಡೋ ಮೂರೋ? ಅದೇ ಮುಖ್ಯ. ಡಾಕ್ಟರ ಹತ್ತಿರ ಹೋದ ದಿನದಿಂದ ಎಣಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ. ಮೈ ಮೊದಲು ಬಿಸಿಯಾದ ದಿನವೇ ಮೊದಲನೇ ದಿನ. ಗೋಡೆಯ ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೆ ಸುತ್ತು ಹಾಕಿ, ಪಕ್ಕದಲ್ಲಿ ಬೆಳಿಗ್ಗೆಯೋ ರಾತ್ರಿಯೋ ಎಂದು ಬರೆಯಿರಿ. ಯಾವ ಪರೀಕ್ಷೆ ಮಾಡಿಸಬೇಕು, ಯಾವತ್ತು ಎಚ್ಚರದಿಂದಿರಬೇಕು, ಎಲ್ಲವೂ ಆ ಸುತ್ತಿನಿಂದಲೇ ಲೆಕ್ಕ.

ಮೊದಲ ಎರಡು ದಿನಗಳಲ್ಲಿ ಇದು ಡೆಂಗಿಯೇ ಎಂದು ಮುಖ ನೋಡಿ ಯಾರೂ ಹೇಳಲಾರರು. ಜೋರು ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ಮುರಿದ ಹಾಗೆ. ಮುಂಬೈಯಲ್ಲಿ ಇದೇ ತಿಂಗಳುಗಳಲ್ಲಿ ಮಲೇರಿಯಾ ಇದೆ, ಲೆಪ್ಟೊಸ್ಪೈರೋಸಿಸ್ ಅಂದರೆ ಇಲಿ ಜ್ವರವೂ ಇದೆ. ಇವೆರಡೂ ವೈರಸ್ ಕಾಯಿಲೆಗಳಲ್ಲ, ಎರಡಕ್ಕೂ ನೇರವಾದ ಔಷಧಿ ಇದೆ. ತಡವಾದರೆ ಎರಡೂ ಜೀವಕ್ಕೆ ಅಪಾಯ. 2005ರ ಜುಲೈ 26ರ ಮಹಾಮಳೆಯ ನಂತರ ಈ ಊರಿನಲ್ಲಿ ಇಲಿ ಜ್ವರ ಹೇಗೆ ಹಬ್ಬಿತು ಎಂಬುದು ಹಳಬರಿಗೆ ನೆನಪಿದೆ. ಹಾಗಾಗಿ ಮೊದಲನೇ ದಿನವೇ ಮಲೇರಿಯಾಕ್ಕೆ ರಕ್ತ ಕೊಡಿ. ಪಾಲಿಕೆಯ ದವಾಖಾನೆಯಲ್ಲಿ ಅದು ಪುಕ್ಕಟೆ. ಜತೆಗೆ ಒಂದು ಸಿಬಿಸಿ, ಅಂದರೆ ರಕ್ತದ ಕಣಗಳ ಎಣಿಕೆ. ಮೊಣಕಾಲುದ್ದದ ನೀರಿನಲ್ಲಿ ನಡೆದಿದ್ದರೆ ಡಾಕ್ಟರಿಗೆ ತಪ್ಪದೇ ಹೇಳಿ, ಕೇಳಲಿ ಎಂದು ಕಾಯಬೇಡಿ.

ಊರಿಗೆ ಹೋಗಿ ಬಂದಿದ್ದರೂ ಹೇಳಿ. ಫೆಬ್ರವರಿ, ಮಾರ್ಚಿನಲ್ಲಿ ಸಿದ್ದಾಪುರ, ಹೊನ್ನಾವರ, ಸಾಗರದ ಕಡೆ ಕಾಡಿಗೆ ಹೋಗಿ ಬಂದವನಿಗೆ ಜ್ವರ ಬಂದರೆ ಅದು ಮಂಗನ ಕಾಯಿಲೆಯೂ ಇರಬಹುದು. ಮುಂಬೈಯ ಡಾಕ್ಟರಿಗೆ ಅದು ಸಟ್ಟನೆ ಹೊಳೆಯುವುದು ಕಷ್ಟ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಈ ವೈರಸ್ಸನ್ನು 1957ರಲ್ಲಿ ಗುರುತಿಸಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಈಗ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಸರ್ಕಾರಿ ಲ್ಯಾಬ್‌ಗಳಲ್ಲಿ ಡೆಂಗಿ ಪತ್ತೆಗೆ ಬಳಸುವ ಐಜಿಎಂ ಕಿಟ್‌ಗಳೂ ಅಲ್ಲಿಂದಲೇ ಬರುತ್ತವೆ.

ಈಗ ಡೆಂಗಿಯ ಪರೀಕ್ಷೆಗೆ ಬರೋಣ. ಎರಡು ಹೆಸರು ನೆನಪಿಡಿ ಸಾಕು. ಒಂದು ಎನ್ಎಸ್1. ಇದು ವೈರಸ್ಸಿನದೇ ಪ್ರೋಟೀನು. ಜ್ವರ ಶುರುವಾದ ದಿನದಿಂದಲೇ ರಕ್ತದಲ್ಲಿ ಸಿಗುತ್ತದೆ, ಐದನೇ ದಿನದ ಹೊತ್ತಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಇನ್ನೊಂದು ಐಜಿಎಂ. ವೈರಸ್ಸನ್ನು ಎದುರಿಸಲು ನಮ್ಮ ಮೈ ತಯಾರಿಸುವ ವಸ್ತು ಇದು. ತಯಾರಾಗಲು ನಾಲ್ಕೈದು ದಿನ ಬೇಕು. ಅಂದರೆ ಒಂದರಿಂದ ಐದನೇ ದಿನದೊಳಗೆ ಎನ್ಎಸ್1, ಐದು ದಾಟಿದ ಮೇಲೆ ಐಜಿಎಂ. ನಾಲ್ಕು, ಐದು, ಆರನೇ ದಿನಗಳಲ್ಲಿ ಎರಡನ್ನೂ ಒಟ್ಟಿಗೆ ಮಾಡಿಸುವುದು ಒಳ್ಳೆಯದು. ಆರ್‌ಟಿ-ಪಿಸಿಆರ್‌ನಲ್ಲಿ ವೈರಸ್ಸನ್ನೇ ಹಿಡಿಯಬಹುದು, ನಾಲ್ಕು ಬಗೆಯ ಡೆಂಗಿ ವೈರಸ್‌ಗಳಲ್ಲಿ ಯಾವುದು ಎಂದೂ ತಿಳಿಯುತ್ತದೆ. ಆದರೆ ಅದೂ ಮೊದಲ ಐದು ದಿನದ ಪರೀಕ್ಷೆಯೇ, ಖರ್ಚೂ ಜಾಸ್ತಿ. ಚಿಕಿತ್ಸೆಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಬೈಂದೂರಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ದೋಸೆ ಕಾವಲಿಯ ಮುಂದೆ ನಿಲ್ಲುವವನು. ಜ್ವರದ ಏಳನೇ ದಿನ ಎಲ್ಲೋ ಬರೀ ಎನ್ಎಸ್1 ಮಾಡಿಸಿದ. ನೆಗೆಟಿವ್ ಬಂತು. "ಡೆಂಗಿ ಇಲ್ಲ" ಎಂದು ಮತ್ತೆ ಕಾವಲಿಯ ಮುಂದೆ ನಿಂತ. ಎರಡು ದಿನ ಬಿಟ್ಟು ಒಸಡಿನಲ್ಲಿ ರಕ್ತ ಬಂದಾಗ ನನ್ನನ್ನು ಕರೆದರು. ಐಜಿಎಂ ಪಾಸಿಟಿವ್ ಇತ್ತು. ಅವನು ಹುಷಾರಾದ, ಈಗಲೂ ಕಂಡರೆ ಕಾಫಿ ಕುಡಿಸದೆ ಬಿಡುವುದಿಲ್ಲ. ಆದರೆ ಆ ನೆಗೆಟಿವ್ ಚೀಟಿ ನೋಡಿದಾಗ ನನಗಾದ ಸಂಕಟ ಇನ್ನೂ ಮರೆತಿಲ್ಲ. ಪರೀಕ್ಷೆ ತಪ್ಪಿರಲಿಲ್ಲ, ದಿನ ತಪ್ಪಿತ್ತು. ಹದಿನೈದು ನಿಮಿಷದಲ್ಲಿ ಗೆರೆ ತೋರಿಸುವ ಕಾರ್ಡ್ ಪರೀಕ್ಷೆಗಿಂತ ಲ್ಯಾಬ್‌ನಲ್ಲಿ ಮಾಡುವ ಎಲೈಸಾ ಪರೀಕ್ಷೆ ಹೆಚ್ಚು ನಂಬಿಕೆಯದು, ಅದನ್ನೂ ಕೇಳಿ ಮಾಡಿಸಿ. ಇನ್ನೊಂದು ಮಾತು. ಐಜಿಎಂ ಒಮ್ಮೆ ಬಂದರೆ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯಬಹುದು. ಎರಡು ತಿಂಗಳ ಹಿಂದೆ ಇಂಥದ್ದೇ ಜ್ವರ ಬಂದಿತ್ತೇ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ತಿಳಿಸಿ. ಮೊದಲು ಡೆಂಗಿ ಆಗಿದ್ದವರಿಗೆ ಬೇರೆ ಬಗೆಯ ವೈರಸ್ಸಿನಿಂದ ಎರಡನೇ ಸಲ ಬಂದರೆ ಅಪಾಯ ಹೆಚ್ಚು.

ರಕ್ತ ಕೊಡುವಾಗ ನೀವೂ ಸ್ವಲ್ಪ ಗಮನಿಸಿ. ಸಿಬಿಸಿಗೆ ನೇರಳೆ ಮುಚ್ಚಳದ ಟ್ಯೂಬು. ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದಿರುತ್ತದೆ. ರಕ್ತ ತುಂಬಿದ ಕೂಡಲೇ ಅದನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಮಾಡದಿದ್ದರೆ ಪ್ಲೇಟ್ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು, ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಯಂತ್ರ ಕಡಿಮೆ ಎಣಿಸುತ್ತದೆ. ನಿನ್ನೆ ಒಂದೂವರೆ ಲಕ್ಷ ಇದ್ದದ್ದು ಇವತ್ತು ಏಕಾಏಕಿ 30,000 ಎಂದು ಬಂದರೆ, ಆಳು ನೋಡಿದರೆ ಚೆನ್ನಾಗಿಯೇ ಇದ್ದರೆ, ಗಾಜಿನ ಪಟ್ಟಿಯ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಎಣಿಸಲು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಕೆಲವು ರಿಪೋರ್ಟ್‌ಗಳಲ್ಲಿ 120 ಎಂದಷ್ಟೇ ಇರುತ್ತದೆ. ಪಕ್ಕದಲ್ಲಿ ಸಾವಿರದ ಗುರುತಿರುತ್ತದೆ ನೋಡಿ. ಅದು 1,20,000. ಇದು ಗೊತ್ತಿಲ್ಲದೆ ರಾತ್ರಿ ಹನ್ನೊಂದಕ್ಕೆ ಅಳುತ್ತಾ ಫೋನ್ ಮಾಡಿದ ತಾಯಂದಿರಿದ್ದಾರೆ. ದಿನಾ ಒಂದೇ ಲ್ಯಾಬ್‌ನಲ್ಲಿ ಮಾಡಿಸಿದರೆ ಹೋಲಿಸಲು ಸುಲಭ.

ಎಲ್ಲರೂ ಪ್ಲೇಟ್ಲೆಟ್ ಒಂದನ್ನೇ ನೋಡುತ್ತಾರೆ. ನಾನು ಹೇಳುವುದು, ಅದರ ಪಕ್ಕದ ಇನ್ನೊಂದು ಸಾಲನ್ನೂ ನೋಡಿ. ಪಿಸಿವಿ ಅಥವಾ ಹೆಮಟೋಕ್ರಿಟ್ ಎಂದಿರುತ್ತದೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂದು ಅದು ಹೇಳುತ್ತದೆ. ಡೆಂಗಿ ಜೋರಾದಾಗ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ಉಳಿದ ರಕ್ತ ಮಂದವಾಗುತ್ತದೆ, ಪಿಸಿವಿ ಏರುತ್ತದೆ. ಮೊದಲ ದಿನ 40 ಇದ್ದದ್ದು 48 ಆದರೆ ನೂರಕ್ಕೆ ಇಪ್ಪತ್ತರಷ್ಟು ಏರಿದ ಹಾಗೆ. ಅಷ್ಟಾದರೆ ಮನೆಯಲ್ಲಿ ಇರುವಂತಿಲ್ಲ. ಮೊದಲ ದಿನವೇ ಸಿಬಿಸಿ ಮಾಡಿಸಿ ಎಂದದ್ದು ಇದಕ್ಕೇ. ಆ ಅಂಕಿ ಕೈಯಲ್ಲಿಲ್ಲದಿದ್ದರೆ ಏರಿದೆಯೋ ಇಲ್ಲವೋ ಯಾವುದಕ್ಕೆ ಹೋಲಿಸುವುದು?

ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧಿ ಆಸ್ಪತ್ರೆಗಳಲ್ಲಿ ಇಲ್ಲ. ಹಂದಿಜ್ವರಕ್ಕೆ ಒಸೆಲ್ಟಾಮಿವಿರ್ ಇದೆ, ಎರಡು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಡೆಂಗಿಗೆ ಅಂಥದ್ದಿಲ್ಲ. ಆಂಟಿಬಯಾಟಿಕ್ ಯಾವ ವೈರಸ್ಸಿಗೂ ನಾಟುವುದಿಲ್ಲ. ಇಲ್ಲಿ ಚಿಕಿತ್ಸೆ ಅಂದರೆ ನೀರು, ವಿಶ್ರಾಂತಿ, ಜ್ವರಕ್ಕೆ ಪ್ಯಾರಾಸಿಟಮಾಲ್. ದೊಡ್ಡವರಿಗೆ 650ರ ಮಾತ್ರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರಬಾರದು. ಲಿವರ್ ತೊಂದರೆ ಇದ್ದವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಬೇಡಿ. ಮಕ್ಕಳಿಗೆ ತೂಕ ನೋಡಿ ಡಾಕ್ಟರು ಹೇಳಿದಷ್ಟೇ.

ಮೆಡಿಕಲ್‌ನಲ್ಲಿ "ಮೈಕೈ ನೋವಿಗೆ ಏನಾದರೂ ಕೊಡಿ" ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಐಬುಪ್ರೊಫೆನ್, ಡೈಕ್ಲೋಫಿನಾಕ್, ಆಸ್ಪಿರಿನ್, ಮೆಫೆನಾಮಿಕ್ ಆಸಿಡ್, ಇವು ಯಾವುವೂ ಬೇಡ. ರಕ್ತಸ್ರಾವ ಹೆಚ್ಚಿಸುತ್ತವೆ, ಹೊಟ್ಟೆಯನ್ನೂ ಕೆಡಿಸುತ್ತವೆ. ಮಾತ್ರೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್ ಕೂಡ ಬೇಡ. ಹೃದಯಕ್ಕೆಂದು ದಿನಾ ಆಸ್ಪಿರಿನ್ ತಗೊಳ್ಳುವವರು ತಾವಾಗಿ ನಿಲ್ಲಿಸದೆ ಡಾಕ್ಟರನ್ನು ಅವತ್ತೇ ಕೇಳಿ.

ಕುಡಿಯಲು ಬರೀ ನೀರು ಸಾಲದು. ಗಂಜಿ ತಿಳಿಗೆ ಉಪ್ಪು ಹಾಕಿ ಕೊಡಿ, ಮಜ್ಜಿಗೆ, ಎಳನೀರು, ಓಆರ್‌ಎಸ್. ಓಆರ್‌ಎಸ್ ಪ್ಯಾಕೆಟ್ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಕಲಸಿ. ಒಮ್ಮೆಲೇ ಲೋಟ ತುಂಬಾ ಕುಡಿದರೆ ವಾಂತಿಯಾಗುತ್ತದೆ, ಗುಟುಕು ಗುಟುಕಾಗಿ ಕೊಡುತ್ತಿರಿ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಮೂತ್ರ ನೋಡಿ. ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಹೋಗಬೇಕು. ಪಪ್ಪಾಯಿ ಎಲೆಯ ರಸ ಕುಡಿಸಬೇಕಾ ಎಂದು ಎಲ್ಲರೂ ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಆ ಕಹಿಗೆ ವಾಂತಿಯಾದರೆ ಅದು ರಸಕ್ಕಾಯಿತೋ ಕಾಯಿಲೆಗಾಯಿತೋ ಗೊತ್ತಾಗದೆ ಹೋಗುತ್ತದೆ, ಹೊಟ್ಟೆಗೆ ಹೋದ ನೀರೂ ಹೊರಗೆ.

ಇನ್ನು ಈ ಬರಹ ಬರೆಯಲು ಕಾರಣವಾದ ವಿಷಯ. ಜ್ವರ ಬಿಡುವ ದಿನ.

ಆರು ವರ್ಷದ ಹಿಂದೆ ನಮ್ಮವರಿಗೇ ಡೆಂಗಿ ಬಂತು. ನಾಲ್ಕು ದಿನ 103 ಡಿಗ್ರಿ. ಐದನೇ ದಿನ ಬೆಳಿಗ್ಗೆ ಜ್ವರ ಪೂರ್ತಿ ಇಳಿದಿತ್ತು. ಸ್ನಾನ ಮಾಡಿದರು, ಎರಡು ತುತ್ತು ಗಂಜಿ ಉಂಡರು, "ರಜೆ ಮುಗಿಯಿತು, ಹೋಗುತ್ತೇನೆ" ಎಂದು ಹೊರಟರು. ರಾತ್ರಿಯಿಂದ ಹೊಟ್ಟೆ ನೋಯುತ್ತಿದ್ದದ್ದನ್ನು ನನಗೆ ಹೇಳಿರಲಿಲ್ಲ. ಡೊಂಬಿವಲಿ ಸ್ಟೇಷನ್ನಿನವರೆಗೆ ಜತೆಯಲ್ಲೇ ನಡೆದೆವು. ಪ್ಲಾಟ್‌ಫಾರ್ಮ್‌ನ ಬೆಂಚಿನ ಮೇಲೆ ಕುಳಿತವರು ಏಳಲೇ ಇಲ್ಲ. ಕೈ ಹಿಡಿದೆ, ತಣ್ಣಗೆ ಬೆವೆತಿತ್ತು. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು, ಮರಳಲಿಲ್ಲ. ಆಟೋ ಹಿಡಿದು ನೇರ ಆಸ್ಪತ್ರೆಗೆ. ಪಿಸಿವಿ ಆಗಲೇ ಏರಿತ್ತು, ಪ್ಲೇಟ್ಲೆಟ್ 62,000. ಸಾವಿರಾರು ಜನರಿಗೆ ದಿನ ಎಣಿಸಿ ಎಂದು ಹೇಳಿದವಳು ನಾನು, ಆ ಬೆಳಿಗ್ಗೆ ಜ್ವರ ಇಳಿದ ಖುಷಿಯಲ್ಲಿ ಎಣಿಸಿರಲಿಲ್ಲ.

ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ. ಇಳಿದ ಮೇಲಿನ 24ರಿಂದ 48 ಗಂಟೆ ಅತ್ಯಂತ ಎಚ್ಚರದ ಸಮಯ. ಹೆಚ್ಚಿನವರು ಆಗ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಆಗಲೇ ನೀರಿನಂಶ ಸೋರಲು ತೊಡಗುತ್ತದೆ. ಹೊಟ್ಟೆನೋವು ಬಿಡದಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಮೂಗು ಅಥವಾ ಒಸಡಿನಲ್ಲಿ ರಕ್ತ ಬಂದರೆ, ಮಲ ಕಪ್ಪಾದರೆ, ಕೈಕಾಲು ತಣ್ಣಗಾದರೆ, ಆಳು ಮಂಕಾದರೆ ಅಥವಾ ಸುಮ್ನೆ ಚಡಪಡಿಸಿದರೆ, ಆರು ಗಂಟೆ ಮೂತ್ರವಾಗದಿದ್ದರೆ, ಇವುಗಳಲ್ಲಿ ಒಂದು ಕಂಡರೂ ಸಾಕು, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಬಸುರಿಯರು, ಹಸುಗೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಷ್ಟರವರೆಗೂ ಕಾಯಬಾರದು, ಮೊದಲೇ ಡಾಕ್ಟರ ಕಣ್ಣಳತೆಯಲ್ಲಿರಬೇಕು.

ಆಸ್ಪತ್ರೆಯಲ್ಲಿ ನಮ್ಮವರಿಗೆ ಕೊಟ್ಟದ್ದು ಸಲೈನ್. ಗಂಟೆಗಂಟೆಗೆ ಅಳೆದು, ಪಿಸಿವಿ ನೋಡಿ, ಹೆಚ್ಚು ಕಡಿಮೆ ಮಾಡುತ್ತಿದ್ದರು. ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗಲ್ಲಿಯ ಕ್ಲಿನಿಕ್‌ನಲ್ಲಿ "ಶಕ್ತಿಗೆ ಒಂದು ಬಾಟಲಿ" ಹಾಕಿಸಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಪ್ಲೇಟ್ಲೆಟ್ 41,000ಕ್ಕೆ ಇಳಿದಾಗ ನಮ್ಮ ಭಾವ ರಕ್ತ ಕೊಡುವವರನ್ನು ಹುಡುಕಲು ಫೋನ್ ಹಿಡಿದು ಕುಳಿತರು. ಡಾಕ್ಟರು ಬೇಡ ಎಂದರು. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10,000ಕ್ಕಿಂತ ಕೆಳಗಿಳಿಯುವವರೆಗೆ ಹೊರಗಿನಿಂದ ಪ್ಲೇಟ್ಲೆಟ್ ಕೊಡುವುದಿಲ್ಲ. ಎರಡು ದಿನದಲ್ಲಿ ಅದು ತಾನಾಗಿ ಏರಿತು. ಮೈಯೆಲ್ಲ ತುರಿಸುವ ಕೆಂಪು ಗುಳ್ಳೆ ಬಂತು, ಹೆದರಿದೆವು. ಅದು ಗುಣವಾಗುವ ಹೊತ್ತಿನದ್ದಂತೆ.

ಹೋಟೆಲ್ ನಡೆಸುವ ಅಣ್ಣಂದಿರಿಗೆ ಒಂದು ಕೋರಿಕೆ. ಜ್ವರ ಬಂದ ಹುಡುಗನ ರಕ್ತದಲ್ಲಿ ಮೊದಲ ಐದು ದಿನ ವೈರಸ್ ಇರುತ್ತದೆ. ಅವನನ್ನು ಕಚ್ಚಿದ ಸೊಳ್ಳೆ ಕೆಲವು ದಿನದ ಮೇಲೆ ಪಕ್ಕದವನಿಗೆ ಅದನ್ನು ದಾಟಿಸುತ್ತದೆ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ಅದಕ್ಕೇ ಅವನಿಗೆ ಹಗಲೂ ಸೊಳ್ಳೆ ಪರದೆ ಕಟ್ಟಿಸಿ, ಬಾಣಲೆಯ ಮುಂದೆ ನಿಲ್ಲಿಸಬೇಡಿ. ಅಟ್ಟದ ಡ್ರಮ್ಮು, ಫ್ರಿಜ್ಜಿನ ಹಿಂದಿನ ತಟ್ಟೆ, ಮಳೆಗೆ ಹೊದಿಸಿದ ತಾಡಪಾಲಿನ ಮಡಿಕೆ, ಎಲ್ಲದರ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಡ್ರಮ್ಮಿನ ಒಳಗೋಡೆಯನ್ನು ತಿಕ್ಕಿ ಒಣಗಿಸಿ. ಮೊಟ್ಟೆಗಳು ಆ ಗೋಡೆಗೇ ಅಂಟಿರುತ್ತವೆ. ಮಾಟುಂಗದ ಒಂದು ಹೋಟೆಲ್‌ನವರು ಅದಕ್ಕೆಂದು ಮಂಗಳವಾರ ಇಟ್ಟುಕೊಂಡಿದ್ದಾರೆ. ಮಧ್ಯಾಹ್ನದ ಊಟದ ಗಿರಾಕಿ ಮುಗಿದ ಮೇಲೆ ಎಲ್ಲರೂ ಸೇರಿ ಡ್ರಮ್ಮು ತಿಕ್ಕುತ್ತಾರೆ.