1799ರ ಅಮೆರಿಕನ್ ತಾಮ್ರದ ಸೆಂಟ್ ಕೊಳ್ಳುವ ಮುಂಚೆ

1793ರಿಂದ 1857ರವರೆಗೆ ಅಮೆರಿಕದಲ್ಲಿ ಅಚ್ಚಾದ ದೊಡ್ಡ ಸೆಂಟ್‌ಗಳನ್ನು ಸಂಗ್ರಹಿಸುವವರು ಇದನ್ನು ಗಮನಿಸಿ. ಯಾರಾದರೂ 1799ರದು ಎಂದು ತೋರಿಸಿದರೆ ಮೊದಲು ಇಸವಿಯ ಕೊನೆಯ ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಿ. 1799ರದು ಅಪರೂಪ, 1798ರ ನಾಣ್ಯ ಸುಲಭವಾಗಿ ಸಿಗುತ್ತದೆ, ಅದರ 8 ಅನ್ನು ಕೆರೆದು 9 ಮಾಡುವ ಮೋಸ ಬಹಳ ಹಳೆಯದು. ಅಂಕಿಯ ಸುತ್ತ ಸಣ್ಣ ಗೀರುಗಳಿದ್ದರೆ, ಲೋಹ ತಗ್ಗಾಗಿದ್ದರೆ, ದಯವಿಟ್ಟು ಅಲ್ಲಿಗೇ ಬಿಟ್ಟುಬಿಡಿ.

ಆಮೇಲೆ ತೂಕ. ಹೊಸದರಲ್ಲಿ 10.89 ಗ್ರಾಂ ಇರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಅಂಚಿನ ಸುತ್ತ ಬೆಸುಗೆಯ ಗೆರೆ ಕಂಡರೆ ಅದು ಎರಡು ತೆಳು ಲೋಹದ ಚಿಪ್ಪು ಕೂಡಿಸಿದ ನಕಲು.

ಬಹಳ ಜನ ಎಡವುವುದು ಮೇಲ್ಮೈಯಲ್ಲಿ. ನಾಣ್ಯವನ್ನು ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿ. ಒಳ್ಳೆಯ ತಾಮ್ರ ಕಾಫಿಬೀಜದಂಥ ಕಂದು ಬಣ್ಣದಲ್ಲಿ, ನುಣುಪಾಗಿ ಇರುತ್ತದೆ. ಮಣ್ಣಲ್ಲಿ ಹೂತಿದ್ದದ್ದು ಚರ್ಮದ ರಂಧ್ರಗಳ ಹಾಗೆ ಚುಕ್ಕಿಚುಕ್ಕಿ ಕಾಣುತ್ತದೆ. ತಿಳಿಗುಲಾಬಿ ಹೊಳಪಿದ್ದರೆ ಯಾರೋ ಉಜ್ಜಿದ್ದಾರೆ ಅಂತಲೇ ಅರ್ಥ. ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ನಾಣ್ಯದ ಸ್ಥಿತಿ ಅಳೆಯಲು 1ರಿಂದ 70ರ ದರ್ಜೆ ಪಟ್ಟಿ ಮಾಡಿದ್ದೇ ಈ ಸೆಂಟ್‌ಗಳಿಗಾಗಿ. ಆದರೆ ಅಚ್ಚಿನ ವಿವರ ಚೆನ್ನಾಗಿದ್ದರೂ ಕಿಲುಬು, ಪೆಟ್ಟು ಇದ್ದರೆ ಅನುಭವಿಗಳು ದರ್ಜೆ ಇಳಿಸಿಯೇ ಬೆಲೆ ಕಟ್ಟುತ್ತಾರೆ. ನನಗಂತೂ ಸವೆದು ನುಣುಪಾದ ನಾಣ್ಯವೇ ಇಷ್ಟ.

ಮನೆಗೆ ತಂದಮೇಲೆ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಿ ತೊಳೆಯಲೇಬೇಡಿ. ಪೂಜೆಯ ತಂಬಿಗೆಗೆ ಅದು ಸರಿ, ನಾಣ್ಯಕ್ಕೆ ಅಲ್ಲ. ಅಂಚು ಹಿಡಿದೇ ಎತ್ತಿ, ಬೆರಳಿನ ಬೆವರು ತಾಮ್ರದ ಮೇಲೆ ಗುರುತು ಬಿಡುತ್ತದೆ.