ಮುಂಬೈಯಿಂದ ನಾಶಿಕ್ ದ್ರಾಕ್ಷಿ ಪಡಕ್ಕೆ: ಒಂದು ದಿನವನ್ನು ನಾವು ಜೋಡಿಸಿಕೊಂಡ ಬಗೆ

ನಾಶಿಕ್‌ಗೆ ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬೇಕು ಅಂದರೆ ನಾನು ಮೊದಲು ನೋಡುವುದು ಸಂಜೆಯ ರೈಲು. ಸಂಜೆ ಎಷ್ಟಕ್ಕೆ ನಾಶಿಕ್ ರೋಡ್ ಸ್ಟೇಷನ್ ಮುಟ್ಟಬೇಕು ಅಂತ ಗೊತ್ತಾದರೆ ಸಾಕು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರಬಹುದು. ವೈನ್ ಮಾಡುವ ವೈನರಿಗಳಿರುವ ಗಂಗಾಪುರ ಅಣೆಕಟ್ಟಿನ ಕಡೆ ಊರಿನ ಒಂದು ತುದಿಯಾದರೆ ಸ್ಟೇಷನ್ ಇನ್ನೊಂದು ತುದಿ. ನಡುವೆ ಇಡೀ ನಾಶಿಕ್ ಪೇಟೆ. ಸಂಜೆ ಟ್ರಾಫಿಕ್‌ನಲ್ಲಿ ಇದಕ್ಕೆ ಒಂದೂಕಾಲು ಗಂಟೆ ಇಟ್ಟುಕೊಳ್ಳಲೇಬೇಕು. ಹಾಗೆ ಲೆಕ್ಕ ಹಾಕಿದರೆ ಕೈಗೆ ಉಳಿಯುವುದು ಎರಡು ವೈನರಿಗೆ ಆಗುವಷ್ಟು ಸಮಯ. ಮೂರನೆಯದನ್ನು ತುರುಕಿದರೆ ಒಂದನ್ನೂ ನೆಟ್ಟಗೆ ನೋಡಲು ಆಗುವುದಿಲ್ಲ.

ನಾವಿರುವುದು ಮುಲುಂಡ್‌ನಲ್ಲಿ. ಹೊರಟವರು ನಾನು, ನಮ್ಮ ಮನೆಯವರು, ಮೈದುನ, ಅತ್ತೆ, ಮಾವ. ಅತ್ತೆ ಮಾವ ಇಬ್ಬರೂ ವೈನ್ ಮುಟ್ಟುವವರಲ್ಲ. ಆದರೆ ಮಾವ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವರು, ಜೀವನವಿಡೀ ದ್ರಾಕ್ಷಿ ಬೆಳೆದವರು. ಅವರನ್ನು ಕರೆದುಕೊಂಡು ಹೋಗಬೇಕು ಅನ್ನುವುದೇ ನನ್ನ ಮುಖ್ಯ ಆಸೆಯಾಗಿತ್ತು. ಹಾಗಾಗಿ ಕುಡಿಯದವರಿಗೂ ದಿನ ಪೂರ್ತಿ ಚೆನ್ನಾಗಿರಬೇಕು ಅಂತ ಯೋಚಿಸಿ ಜೋಡಿಸಿದೆ.

ತಿಂಗಳು ಯಾವುದು ಅನ್ನುವುದು ಬಹಳ ಮುಖ್ಯ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ತನಕ ನಡೆದರೆ, ನಾಶಿಕ್‌ನಲ್ಲಿ ಜನವರಿಯಿಂದ ಮಾರ್ಚ್. ನಮ್ಮ ಹವೆಯಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲ. ಅದಕ್ಕೇ ಅದನ್ನು ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ. ನಮ್ಮ ಕಡೆ ರೈತರು ಇದಕ್ಕೆ ಚಾಟ್ನಿ ಅಂತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯುವುದಕ್ಕೆ, ಮಳೆ ಹಿಂದೆಗೆದ ಮೇಲಿನ ಚಾಟ್ನಿ ಹಣ್ಣಿಗೆ. ಚಳಿಗಾಲದಲ್ಲಿ ನಾಶಿಕ್‌ನ ರಾತ್ರಿ ಕೆಲವೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಹಗಲು ಒಳ್ಳೆ ಬಿಸಿಲು. ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ಹಣ್ಣನ್ನು ಬಳ್ಳಿಯ ಮೇಲೆ ನೋಡಬೇಕು ಅಂದರೆ ಜನವರಿ ಕೊನೆಯಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಗುಡ್ಡಗಳು ಹಸಿರಾಗಿ ಕಣ್ಣಿಗೆ ಹಬ್ಬ, ನಿಜ. ಆದರೆ ಆಗ ಬಳ್ಳಿಯಲ್ಲಿ ಬರೀ ಎಲೆ. ಜನವರಿ 26 ಡ್ರೈ ಡೇ, ಅಂದರೆ ಮದ್ಯ ಮಾರದ ದಿನ, ಅಂದು ಇಟ್ಟುಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ವೈನ್‌ಗೆ 21 ವರ್ಷ ತುಂಬಿರಬೇಕು, ಗುರುತಿನ ಚೀಟಿ ಜೊತೆಗಿರಲಿ. ವಾರದ ನಡುವೆ ಒಂದು ರಜೆ ಹಾಕಲು ಆದರೆ ಹಾಕಿ. ಶನಿವಾರ ಭಾನುವಾರ ದೊಡ್ಡ ವೈನರಿಗಳಲ್ಲಿ ಜಾತ್ರೆಯಂತೆ ಜನ.

ಕಾರು ಬೇಡ ಅಂತ ಮೊದಲೇ ತೀರ್ಮಾನ ಮಾಡಿದೆವು. ದಾರಿಯೇನೋ ಈಗ ಸಲೀಸು. ಸುಮಾರು 170 ಕಿ.ಮೀ. ಇದೆ. ಮುಂಬೈ–ನಾಗಪುರ ಹೆದ್ದಾರಿಯಾದ ಸಮೃದ್ಧಿ ಮಹಾಮಾರ್ಗದ ಇಗತ್‌ಪುರಿ–ಆಮಣೆ ಭಾಗ 2025ರ ಜೂನ್‌ನಲ್ಲಿ ತೆರೆದ ಮೇಲೆ ಕಸಾರಾ ಘಾಟಿಯನ್ನು ಸುಮಾರು 8 ಕಿ.ಮೀ. ಸುರಂಗದಲ್ಲಿ ದಾಟಿಬಿಡಬಹುದು. ಆದರೆ ಸ್ಟೀರಿಂಗ್ ಹಿಡಿದವರು ಗ್ಲಾಸ್ ಮುಟ್ಟುವಂತಿಲ್ಲ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಆಲ್ಕೋಹಾಲ್ ದಾಟಿದರೆ ಕೇಸು. ಕೇಸಿನ ಮಾತು ಬಿಡಿ, ವೈನ್ ಕುಡಿದು ಘಾಟಿ ಇಳಿಯುವುದು ಯಾರ ಜೀವಕ್ಕೂ ಒಳ್ಳೆಯದಲ್ಲ. ಅದಕ್ಕೇ ರೈಲು, ಅಲ್ಲಿಂದ ದಿನಕ್ಕೆ ಗೊತ್ತು ಮಾಡಿದ ಟ್ಯಾಕ್ಸಿ.

ಬೆಳಿಗ್ಗೆ ಆರು ದಾಟಿದ ಮೇಲೆ ಸಿಎಸ್‌ಎಂಟಿಯಿಂದ ಎರಡು ರೈಲು ಬೆನ್ನು ಬೆನ್ನಿಗೆ ಹೊರಡುತ್ತವೆ: ತಪೋವನ್ ಎಕ್ಸ್‌ಪ್ರೆಸ್, ಶಿರಡಿಯ ವಂದೇ ಭಾರತ್. ನಾವು ವಂದೇ ಭಾರತ್ ಅನ್ನು ಠಾಣೆಯಲ್ಲಿ ಹತ್ತಿದೆವು. ಒಂಬತ್ತರ ಸುಮಾರಿಗೆ ನಾಶಿಕ್ ರೋಡ್. ಅದು ವಾರದ ಎಲ್ಲ ದಿನ ಓಡುವುದಿಲ್ಲ, ನೋಡಿಕೊಂಡು ಟಿಕೆಟ್ ತೆಗೆಯಿರಿ. ಕಸಾರಾ ದಾಟಿದ ಮೇಲೆ ಮೊಬೈಲ್ ಒಳಗಿಟ್ಟು ಹೊರಗೆ ನೋಡಿ, ರೈಲು ಘಾಟಿ ಏರುತ್ತದೆ. ಅಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಏರು. ಬೇರೆ ರೈಲುಗಳಿಗೆ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ವಂದೇ ಭಾರತ್ ತಾನೇ ಏರುತ್ತದೆ. ತಿಂಡಿಗೆ ಮನೆಯಿಂದ ಇಡ್ಲಿ ಕಟ್ಟಿಕೊಂಡಿದ್ದೆ. ಚಟ್ನಿಪುಡಿ ಬೇಕೆಂದೇ ಬಿಟ್ಟೆ, ಬೆಣ್ಣೆ ಮಾತ್ರ. ಖಾರ ತಿಂದ ನಾಲಿಗೆಗೆ ವೈನ್ ರುಚಿ ಗೊತ್ತಾಗುವುದಿಲ್ಲ. ಮೊಳಕೆ ಕಾಳಿನ ಖಾರದ ನಾಶಿಕ್ ಮಿಸಳ್ ಬಹಳ ರುಚಿ, ಆದರೆ ಅದು ಮೊದಲನೇ ವೈನರಿ ಮುಗಿದ ಮೇಲೆ.

ಸ್ಟೇಷನ್ನಿಂದ ಹೋಗುವಾಗಲೇ ಪಂಚವಟಿ ಮುಗಿಸಿದೆವು. ಬಾಯಲ್ಲಿ ವೈನ್ ಇಟ್ಟುಕೊಂಡು ಗುಡಿಗೆ ಹೋಗುವುದು ಅತ್ತೆಗೆ ಸರಿಬರುವುದಿಲ್ಲ, ನನಗೂ ಅಷ್ಟೇ. ಗೋದಾವರಿಯ ರಾಮಕುಂಡ, ಆಮೇಲೆ ಕಪ್ಪು ಕಲ್ಲಿನ ಕಾಳಾರಾಮ್ ಗುಡಿ. 1930ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಅವರು ದಲಿತರ ಪ್ರವೇಶಕ್ಕಾಗಿ ಸತ್ಯಾಗ್ರಹ ಶುರು ಮಾಡಿದ್ದು ಇದೇ ಗುಡಿಯ ಮುಂದೆ. ಅಲ್ಲಿಗೆ ಹೋದವರು ಆ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲಲೇಬೇಕು ಅಂತ ನನ್ನ ಅನಿಸಿಕೆ.

ಹನ್ನೊಂದಕ್ಕೆ ಸುಲಾ. 2000ರಲ್ಲಿ ಶುರುವಾದ ಈ ವೈನರಿಯಿಂದಲೇ ನಾಶಿಕ್‌ನ ಹೆಸರು ವೈನ್‌ಗೂ ಅಂಟಿಕೊಂಡಿದ್ದು. ಮೊದಲು ಇಲ್ಲಿ ಬಹುಪಾಲು ತಿನ್ನುವ ದ್ರಾಕ್ಷಿಯೇ. ವೈನರಿ ಸುತ್ತುವುದು ಮತ್ತು ರುಚಿ ನೋಡುವುದು ಸೇರಿ ಒಬ್ಬರಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ಮೊದಲೇ ಬುಕ್ ಮಾಡಿ, ಮಧ್ಯಾಹ್ನಕ್ಕಿಂತ ಮುಂಚಿನ ಹೊತ್ತನ್ನೇ ತೆಗೆದುಕೊಳ್ಳಿ.

ಮಾವ ಮಾತ್ರ ಕಟ್ಟಡದ ಕಡೆ ನೋಡದೆ ನೇರವಾಗಿ ಬಳ್ಳಿ ಸಾಲಿನ ಹತ್ತಿರ ಹೋದರು. ಡ್ರಿಪ್ ಪೈಪ್ ನೋಡಿದರು, ತಂತಿ ಎಷ್ಟು ಎತ್ತರಕ್ಕಿದೆ ನೋಡಿದರು, ಆಮೇಲೆ ಶಿರಾಜ್ ಅನ್ನುವ ವೈನ್ ದ್ರಾಕ್ಷಿಯ ಗೊನೆಯ ಮುಂದೆ ಬಗ್ಗಿದರು. "ಇದಕ್ಕ ಜಿಎ ಅದ್ದಿಲ್ಲ ನೋಡವಾ. ಕಾಳು ಎಷ್ಟ್ ಸಣ್ಣ ಅದಾವ!" ಅಂದರು. ಊರಲ್ಲಿ ಕಾಳು ದಪ್ಪ ಆಗಲಿ ಅಂತ ಗೊನೆಯನ್ನು ಜಿಬ್ಬರೆಲಿಕ್ ಆಸಿಡ್ ನೀರಿನಲ್ಲಿ ಅದ್ದುತ್ತಾರೆ. ವೈನ್‌ಗೆ ಸಣ್ಣ ಕಾಳೇ ಬೇಕು. ಬಣ್ಣ, ಒಗರು, ಘಮ ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ. ಕಾಳು ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆ ಜಾಸ್ತಿ. ಅಲ್ಲಿಯ ಹುಡುಗ ಒಂದು ಕಾಳು ಕೊಟ್ಟ. ಮಾವ ಅದನ್ನು ಬೆರಳಲ್ಲಿ ಹಿಚುಕಿದರು. ಹೊರಗೆ ಕಡುಗಪ್ಪು, ಒಳಗಿನ ರಸಕ್ಕೆ ಬಣ್ಣವೇ ಇಲ್ಲ! ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು ವೈನ್, ಕೆಲವು ಗಂಟೆ ಇಟ್ಟು ಸಿಪ್ಪೆ ತೆಗೆದರೆ ಗುಲಾಬಿ ಬಣ್ಣದ ರೋಸೆ. ಬಿಳಿ ವೈನ್‌ಗೆ ರಸವನ್ನು ಮೊದಲೇ ಹಿಂಡಿ ಬೇರೆ ಮಾಡಿ ತಂಪಾದ ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿಸುತ್ತಾರೆ. ಮಾವ ಆ ಕಾಳನ್ನು ಬಾಯಿಗೆ ಹಾಕಿಕೊಂಡು, ಬೀಜ ಕೈಗೆ ಉಗಿದು, "ಸಿಹಿ ನಮ್ಮದಕ್ಕಿಂತ ಜಾಸ್ತಿ ಐತಿ" ಅಂದರು. ಸರಿಯಾಗೇ ಹೇಳಿದರು. ವೈನ್ ದ್ರಾಕ್ಷಿಯನ್ನು ತಿನ್ನುವ ದ್ರಾಕ್ಷಿಗಿಂತ ಹೆಚ್ಚು ಬ್ರಿಕ್ಸ್ (ಸಕ್ಕರೆಯ ಅಳತೆ) ಬರುವ ತನಕ ಬಳ್ಳಿಯಲ್ಲೇ ಬಿಡುತ್ತಾರೆ. ಆಮೇಲೆ ಆ ಹುಡುಗನೂ ಮಾವನೂ ಮರಾಠಿಯಲ್ಲಿ ಬೂದಿರೋಗದ ಮಾತಿಗೆ ಇಳಿದರು. ನಾನು ಟ್ಯಾಕ್ಸಿಯವನಿಗೆ ಅರ್ಧ ಗಂಟೆ ತಡ ಅಂತ ಫೋನ್ ಮಾಡಿದೆ. ಮನೆಯಲ್ಲಿ ಯಾರಾದರೂ ಬೇಸಾಯ ಮಾಡಿದವರಿದ್ದರೆ ಈ ಅರ್ಧ ಗಂಟೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ರುಚಿ ನೋಡುವಾಗ ಹಗುರದಿಂದ ಗಡಸಿಗೆ ಹೋಗುವುದು ರೂಢಿ: ನೊರೆಯ ವೈನ್, ಬಿಳಿ, ರೋಸೆ, ಕೆಂಪು, ಕೊನೆಗೆ ಸಿಹಿ. ಗ್ಲಾಸನ್ನು ಅದರ ಕೆಳಗಿನ ಕಡ್ಡಿಯ ಹತ್ತಿರ ಹಿಡಿಯಿರಿ, ವೈನ್‌ಗೆ ಅಂಗೈ ಬಿಸಿ ತಾಗಬಾರದು. ಹೊಸಬರಿಗೆ ನಾನು ಹೇಳುವುದು ಚೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್. ಹಣ್ಣಿನ ಘಮ ಇರುತ್ತದೆ, ಒಗರು ಕಡಿಮೆ. ಪ್ರತಿ ಗ್ಲಾಸಿನ ನಡುವೆ ನೀರು ಕುಡಿಯಿರಿ, ಎಲ್ಲವನ್ನೂ ಮುಗಿಸಲೇಬೇಕು ಅಂತೇನಿಲ್ಲ. ಅಂದು ಸೆಂಟ್ ಹಾಕಿಕೊಳ್ಳಬೇಡಿ, ಪಕ್ಕದವರ ಗ್ಲಾಸಿನ ಘಮವೂ ಕೆಡುತ್ತದೆ.

ಮಧ್ಯಾಹ್ನ ಮಿಸಳ್, ಜೊತೆಗೆ ಹಪ್ಪಳ, ಮೊಸರು. ಒಂದು ಗಂಟೆ ಆರಾಮ. ನಾಲ್ಕಕ್ಕೆ ಹತ್ತಿರದ ಯಾರ್ಕ್ ವೈನರಿ. ಅಲ್ಲಿ ಮತ್ತೆ ಟೂರ್ ತೆಗೆದುಕೊಳ್ಳಲಿಲ್ಲ, ಟ್ಯಾಂಕು ಪೀಪಾಯಿ ಎಲ್ಲ ಕಡೆ ಒಂದೇ. ಮೇಲೆ ಕೂತು ಗಂಗಾಪುರದ ಹಿನ್ನೀರು, ಸುತ್ತಲ ಗುಡ್ಡ ನೋಡುತ್ತಾ ನಾವು ಮೂವರು ಒಂದೊಂದು ಗ್ಲಾಸ್ ಕುಡಿದೆವು, ಅತ್ತೆ ಮಾವನಿಗೆ ಚಹಾ. ಮಾತಾಡಲು ಇಷ್ಟು ಹೊತ್ತು ಮುಂಬೈಯಲ್ಲಿ ಎಲ್ಲಿ ಸಿಗುತ್ತದೆ, ಅಲ್ವಾ?

ಬಾಟಲಿ ಕೊಂಡರೆ ಬಿಲ್ ಜೋಪಾನ ಮಾಡಿ. ಬಿಸಿಲಲ್ಲಿ ನಿಂತ ಟ್ಯಾಕ್ಸಿಯ ಡಿಕ್ಕಿಯಲ್ಲಿ ಇಟ್ಟರೆ ವೈನ್ ಕೆಡುತ್ತದೆ. ಅದಕ್ಕೇ ಕೊನೆಯ ವೈನರಿಯಲ್ಲೇ ಕೊಳ್ಳಿ. ಆರಕ್ಕೆ ಅಲ್ಲಿಂದ ಹೊರಟೆವು, ಏಳೂವರೆ ಸುಮಾರಿನ ವಂದೇ ಭಾರತ್ ಸಿಕ್ಕಿತು. 2027ರಲ್ಲಿ ನಾಶಿಕ್‌ನಲ್ಲಿ ಸಿಂಹಸ್ಥ ಕುಂಭಮೇಳ ಇದೆ. ಆ ವರ್ಷ ಹೋಗುವವರು ರೈಲು ಟಿಕೆಟ್ಟನ್ನು ಬಹಳ ಮುಂಚೆಯೇ ತೆಗೆದಿಡಿ.